ಗಂಜಿನ ಮುನೀಮ ಫಾರ್ಮು ತುಂಬಿದ್ದು

ಮೂವತ್ತೊಂದು ವರ್ಷ ಮಂದಿ ಲೆಕ್ಕ ಬರದೀನಿ
ಕಲಬುರಗಿ ಗಂಜಿನ ಅಡತಿ ಅಂಗಡ್ಯಾಗ,
ಕೆಂಪು ಬಟ್ಟಿ ಹೊದ್ದ ಖಾತೆ ಪುಸ್ತಕದಾಗ.
ತೊಗರಿ ಎಷ್ಟು ಚೀಲ, ಹಮಾಲಿ ಎಷ್ಟು,
ಯಾರ ಹೆಸರಿಗೆ ಎಷ್ಟು ಉಳೀತು
ಕಣ್ಣು ಮುಚ್ಚಿ ಹೇಳೇನು.
ನನ್ನ ಹೆಸರಿನ ಪುಟ ಮಾತ್ರ
ಅದರಾಗ ಇರಲಿಲ್ಲ.

ಇವತ್ತು ಬ್ಯಾಂಕಿನ ಪಂಖಾದ ಕೆಳಗ
ನಮ್ಮ ಹಮಾಲ ಖಾಜಾಮಿಯಾನ ಮೊಮ್ಮಗಳು ಝರೀನಾ
ಎದುರಿಗೆ ಕುಂತು ಕೇಳತಾಳ:
"ಹೂಡಿಕೆ ಅಂದ್ರ ಗೊತ್ತೇನ್ರಿ ಕಾಕಾ?"
ಗೊತ್ತವ್ವ, ಎತ್ತು ಹೂಡತಾರ, ಒಲಿ ಹೂಡತಾರ.
ರೊಕ್ಕ ಹೂಡಿದವರು ಸೇಠರು,
ನಾ ಬರೇ ಬರದವ.

ಚಕ್ರಬಡ್ಡಿ ಅಂದ್ಳು.
ನನಗ ಕೈ ಬೆವರಿತು.
ಆ ಕುಡುಗೋಲಿನ ಅಲಗು ಬಲ್ಲೆ ನಾನು,
ಎಷ್ಟು ಮನಿ ಹೆಸರು ಈ ಬೆರಳಿನಿಂದಲೇ
ಅದರ ಕೆಳಗ ಇಟ್ಟೀನಿ.
ಅದಕ್ಕ ಹಿಡಿಕಿನೂ ಅದ, ಬಡವ ಹಿಡಕೊಬಹುದು ಅಂತ
ಇಪ್ಪತ್ನಾಕರ ಹುಡುಗಿ ಹೇಳಬೇಕಾತು.

ಹಣದುಬ್ಬರ ಅಂದಾಗ ನಗಿ ಬಂತು.
ಹಣ ಉಬ್ಬಿದರ ಜೇಬು ಯಾಕವ್ವ ಇಳಿತದ?
ನಾ ಸೇರಿದಾಗ ರೂಪಾಯಿಗೆ ಚಹಾ,
ಬಸಿ ತುಂಬಿ ಚೆಲ್ಲತಿತ್ತು.
ಈಗ ಹತ್ತು ಕೊಟ್ಟರ
ಬೆರಳಿನಷ್ಟು ಕಾಗದದ ಕಪ್ಪು.
ಅದೇರಿ ಕಾಕಾ ಅದು, ಅಂದ್ಳು.
ಸುಮ್ಮನಾದೆ.

ದ್ರವ್ಯತೆ ಅಂತ ಇನ್ನೊಂದು.
ದ್ರವ್ಯದ ಒಳಗೇ ದ್ರವ ಅದ ನೋಡ್ರಿ!
ಇಷ್ಟು ವರ್ಷ ಬರದೂ ಕಂಡಿರಲಿಲ್ಲ.
ಬೇಕಾದಾಗ ಹರದು ಕೈಗೆ ಬರೋದು ದ್ರವ್ಯ.
ಹೆಂಡತಿ ಬಿಲ್ವಾರ ಒಂದು ತಾಸಿನಾಗ ಕರಗಿತ್ತು,
ದವಾಖಾನಿ ಬಾಗಲಾಗ.
ತಾಜಸುಲ್ತಾನಪುರದ ದಾರ್ಯಾಗ ನಾ ಹಿಡದ ಪ್ಲಾಟು?
ಕಾಗದ ಪತ್ರ ಇಲ್ಲ, ಕೊಳ್ಳವರಿಲ್ಲ,
ಅಪ್ಪಟ ಶಹಾಬಾದ ಫರ್ಸಿ.

ಅಪಾಯ ಅಂದ್ರೇನು ಅಂತ ಮಾತ್ರ ಅಕಿ ಹೇಳೋದು ಬ್ಯಾಡಾಗಿತ್ತು.
ಪ್ರತಿ ದೀಪಾವಳಿಗೆ ಅಂಗಡಿ ಗ್ವಾಡಿಗೆ
ಕುಂಕುಮದಾಗ 'ಶುಭ', 'ಲಾಭ' ಬರಿಯವ ನಾನೇ.
ನಷ್ಟ ಅಂತ ಯಾರೂ ಬರಸಲಿಲ್ಲ.
ಅದು ತಾನೇ ಬಂದು ಕುಂದರತದ
ಗಾದಿ ಮ್ಯಾಲ, ಸೇಠರ ಬಾಜು,
ಲೋಡಿಗೆ ಆತು.

ತಿಂಗಳಿಗೆ ಐನೂರು, ಸಹಿ ಹಾಕಿದೆ.
ಕಡೀ ಕಾಲಂ: ನಾಮಿನಿ.
ನೀವು ಇಲ್ಲದಾಗ ಯಾರು, ಅಂತ ಅದರ ಅರ್ಥ.
ಮೊತ್ತದ ಕೆಳಗ ಎರಡು ಗೆರಿ ಎಳದು
ಪುಸ್ತಕ ಮುಚ್ಚಿ ರೂಢಿ ನನಗ,
ಗೆರಿ ಕೆಳಗ ಹೆಸರು ಬರಿಯೋದು ಹೊಸದು.
ಕಾಶಮ್ಮ, ಅಂತ ಬರದೆ.
ಸಂಬಂಧ: ಹೆಂಡತಿ.
ಹುಟ್ಟಿದ ತಾರೀಖು?

ಪೆನ್ನು ನಿಂತಿತು.
ಎರಡು ಸಾವಿರದ ಒಂದರ ಪಾಡ್ಯಕ್ಕ ತೊಗರಿ ಯಾವ ಭಾವಕ್ಕ ಒಡೀತು
ಕೇಳ್ರಿ, ಹೇಳತೀನಿ.

ಫೋನ್ ಹಚ್ಚಿದೆ. ಅಕಡೆ ಹೆಂಗಸರ ಗದ್ದಲ,
ಚೀಟಿ ಎತ್ತತಿದ್ರು.
"ಆಧಾರದಾಗ ಜನವರಿ ಒಂದು ಅದ, ಅದೇ ಬರೀರಿ,
ಸಾಲಿ ಮಾಸ್ತರ ನಮಗೆಲ್ಲಾ ಕೊಟ್ಟದ್ದು ಅದೊಂದೇ ದಿನ.
ಎಷ್ಟು ಕಟ್ಟೀರಿ?"
ಐನೂರು ಅಂದೆ.
ನಕ್ಕಳು. "ನಮ್ಮ ಭೀಸಿ ಈ ತಿಂಗಳು
ಇಪ್ಪತ್ನಾಕು ಸಾವಿರಕ್ಕ ಎದ್ದದ.
ಅರ್ಧ ಅಂಚೆ ಆಪೀಸಿಗೆ, ಪಾವು ಬಂಗಾರಕ್ಕ, ಪಾವು ಕೈಯಾಗ.
ಒಂದೇ ಗುಂಡಿನ ಮ್ಯಾಲ ಒಲಿ ನಿಂದರತದೇನ್ರಿ?"

ನಿನ್ನ ನಾಮಿನಿ ಯಾರು ಅಂದೆ, ಚಾಷ್ಟಿಗೆ.
"ತಂಗಿ ಮಗಳು ಭಾಗೀರಥಿ. ಒಂಬತ್ತು ವರ್ಷ ಆತು.
ನೀವು ಕೇಳಿದ್ದಿಲ್ಲ."

ಝರೀನಾ ಶಿಕ್ಕಾ ಹೊಡದಳು.
ಹೊರಗ ಬಿಸಲು, ಹರಾಜಿನ ಕೂಗು,
ಇವತ್ತಿನ ಭಾವ ಕಿವಿಗೆ ಬಿತ್ತು, ಬಿಟ್ಟು ನಡದೆ.
ಬೇವಿನ ನೆರಳಿಗೆ ನಿಂತು ಮತ್ತ ಫೋನ್ ಹಚ್ಚಿದೆ:
ಮಾಸ್ತರದು ಬ್ಯಾಡ, ಖರೇ ದಿನ ಹೇಳು.
ಗದ್ದಲ ದೂರ ಸರೀತು.
ಅಕಿ ಹೇಳಿದ್ದು ಕಿಸೆ ಡೈರ್ಯಾಗ ಬರಕೊಂಡೆ,
ಜಮಾದ ಕಡೆ:

ಕಾಶಮ್ಮ. ಶ್ರಾವಣ, ಎರಡನೇ ಸೋಮವಾರ,
ಮಳಿ ಇತ್ತಂತ.
ಇಸವಿ, ಬಾಕಿ.